ನರಕೋಶ ಕೃಷಿ

ಪ್ರಾಣಿಯ ಅಥವಾ ಮನುಷ್ಯನ ನರಕೋಶಗಳನ್ನು ದೇಹದ ಹೊರಗೆ, ಪೋಷಕ ದ್ರವದಲ್ಲಿ ಬೆಳೆಸುವ ಪ್ರಯೋಗಾಲಯ ವಿಧಾನ. ಬಲಿತ ನರಕೋಶ ಒಡೆದು ಎರಡಾಗುವುದಿಲ್ಲ. ಚರ್ಮದ ಕೋಶದಂತೆ ಒಂದನ್ನು ಹತ್ತಾಗಿಸಿಕೊಳ್ಳಲು ಬಾರದು. ಈ ಕ್ಷೇತ್ರದ ಬಹುತೇಕ ತಂತ್ರಗಳು ಹುಟ್ಟಿದ್ದು ಈ ತೊಡಕಿನಿಂದಲೇ.

ಇತಿಹಾಸ

1907ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಕಪ್ಪೆಯ ಭ್ರೂಣದ ನರ ಅಂಗಾಂಶವನ್ನು ಹೆಪ್ಪುಗಟ್ಟಿದ ದುಗ್ಧರಸದ ಹನಿಯಲ್ಲಿಟ್ಟು, ಕೋಶದಿಂದ ಎಳೆ ಹೊರಟು ಬೆಳೆಯುವುದನ್ನು ಕಣ್ಣಾರೆ ಕಂಡರು. ನರತಂತು ಒಂದೇ ಕೋಶದ ಚಾಚು ಎಂಬ ವಾದಕ್ಕೆ ಇದು ಬಲವಾದ ಆಧಾರವಾಯಿತು.

ವಿಧಾನ

ಇಂದಿಗೂ ಮಾದರಿಯೆನಿಸಿರುವುದು ಗ್ಯಾರಿ ಬ್ಯಾಂಕರ್ ಮತ್ತು ಮ್ಯಾಕ್ಸ್‌ವೆಲ್ ಕೋವನ್ 1977ರಲ್ಲಿ ಪ್ರಕಟಿಸಿದ, ಇಲಿಯ ಮಿದುಳಿನ ಹಿಪೊಕ್ಯಾಂಪಸ್ ಭಾಗದ ಕೋಶಗಳ ಕೃಷಿ. ಸುಮಾರು 18 ದಿನದ ಭ್ರೂಣವನ್ನು ಆರಿಸಿಕೊಳ್ಳುತ್ತಾರೆ. ಆ ಹೊತ್ತಿಗೆ ಕೋಶಗಳಿಗೆ ಉದ್ದನೆಯ ಎಳೆಗಳು ಬಂದಿರುವುದಿಲ್ಲ, ಬಿಡಿಸುವಾಗ ಹರಿಯುವುದು ಕಡಿಮೆ. ಅಂಗಾಂಶವನ್ನು ಟ್ರಿಪ್ಸಿನ್ ಎಂಬ ಕಿಣ್ವದಲ್ಲಿ ಕೆಲವು ನಿಮಿಷ ನೆನೆಸಿ, ಗಾಜಿನ ಪೈಪೆಟ್ಟಿನಲ್ಲಿ ಮೆಲ್ಲಗೆ ಹೀರಿ ಬಿಟ್ಟು ಬಿಡಿಬಿಡಿ ಮಾಡಬೇಕು. ಪೈಪೆಟ್ಟಿನ ತುದಿಯನ್ನು ಮೊದಲೇ ಬೆಂಕಿಗೆ ಹಿಡಿದು ನುಣುಪಾಗಿಸಿರುತ್ತಾರೆ. ಕೈ ಅವಸರಪಟ್ಟು ಗುಳ್ಳೆ ಎದ್ದರೆ ಕೋಶಗಳು ಸಾಯುತ್ತವೆ. ಬರಿಯ ಗಾಜಿಗೆ ನರಕೋಶ ಸರಿಯಾಗಿ ಅಂಟದು. ಅದರ ಹೊರಮೈ ಋಣ ವಿದ್ಯುದಂಶದ್ದಾದ್ದರಿಂದ ಗಾಜಿಗೆ ಧನ ವಿದ್ಯುದಂಶದ ಪಾಲಿಲೈಸಿನ್ ಲೇಪಿಸುತ್ತಾರೆ. 37 ಡಿಗ್ರಿ ಸೆಲ್ಸಿಯಸ್, ಶೇ 5ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ ಕೋಶಗಳು ಮೊದಲ ದಿನ ಸಮನಾದ ನಾಲ್ಕಾರು ಚಿಕ್ಕ ಚಾಚುಗಳನ್ನು ಹೊರಡಿಸುತ್ತವೆ. ಎರಡನೆಯ ದಿನದ ಹೊತ್ತಿಗೆ ಅವುಗಳಲ್ಲೊಂದು ಮಾತ್ರ ಉಳಿದವನ್ನು ಹಿಂದೆ ಹಾಕಿ ಉದ್ದವಾಗುತ್ತದೆ: ಅದೇ ಆಕ್ಸಾನ್. ಪರಸ್ಪರ ಸಂಪರ್ಕವಾದ ಸಿನಾಪ್ಸ್‌ಗಳು ಬಲಿಯಲು ಎರಡು ಮೂರು ವಾರ ಬೇಕು. ದ್ರವವನ್ನು ಬದಲಿಸುವಾಗಲೂ ಸಾಮಾನ್ಯವಾಗಿ ಅರ್ಧವನ್ನಷ್ಟೇ ತೆಗೆಯುತ್ತಾರೆ. ಕೋಶಗಳು ತಾವೇ ಸ್ರವಿಸಿಕೊಂಡ ಪೋಷಕಾಂಶಗಳು ಅದರಲ್ಲಿರುತ್ತವೆ.

ಮನುಷ್ಯನ ಮಿದುಳಿಗೆ ಈ ದಾರಿ ಒಗ್ಗದು. ಶಿನ್ಯಾ ಯಮನಾಕ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮಕೋಶಗಳನ್ನು ನಾಲ್ಕು ಜೀನುಗಳ ಮೂಲಕ ಕಾಂಡಕೋಶದ ಸ್ಥಿತಿಗೆ ಮರಳಿಸಿದ ಮೇಲೆ, ರೋಗಿಯದೇ ರಕ್ತ ಅಥವಾ ಚರ್ಮದಿಂದ ನರಕೋಶ ಪಡೆಯುವುದು ಸಾಧ್ಯವಾಯಿತು.

ಕರ್ನಾಟಕದಲ್ಲಿ

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀಪಕ್ ನಾಯರ್ ಅವರ ತಂಡ ಇಂಥ ಕೃಷಿಗಳಲ್ಲಿ ಸಿನಾಪ್ಸಿನ ಅಣುಗಳನ್ನು ಸೂಕ್ಷ್ಮದರ್ಶಕದಿಂದ ಗುರುತಿಸುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ರಘು ಪಡಿಂಜತ್ ಅವರ ತಂಡ ಲೋವ್ ಸಿಂಡ್ರೋಮ್ ಎಂಬ ಆನುವಂಶಿಕ ಕಾಯಿಲೆ ಇರುವ ಒಂದು ಭಾರತೀಯ ಕುಟುಂಬದ ಕೋಶಗಳಿಂದ ಕಾಂಡಕೋಶಗಳನ್ನು ರೂಪಿಸಿ 2022ರಲ್ಲಿ ಪ್ರಕಟಿಸಿತು.

ಎಲ್ಲಕ್ಕಿಂತ ಮಹತ್ವದ್ದು 2016ರಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್, ಎನ್‌ಸಿಬಿಎಸ್ ಮತ್ತು ಕಾಂಡಕೋಶ ಸಂಶೋಧನಾ ಸಂಸ್ಥೆ ಇನ್‌ಸ್ಟೆಮ್ ಒಟ್ಟಾಗಿ ಆರಂಭಿಸಿದ ಕಾಂಡಕೋಶ ಕಾರ್ಯಕ್ರಮ. ಸ್ಕಿಜೋಫ್ರೇನಿಯಾ, ಬೈಪೋಲಾರ್ ಕಾಯಿಲೆ, ಗೀಳು ಮನೋರೋಗ, ಆಲ್ಝೈಮರ್ ಮರೆವು, ವ್ಯಸನ ಈ ಐದರಲ್ಲಿ ಯಾವುದಾದರೂ ಹಲವರಿಗೆ ಬಂದಿರುವ ಕುಟುಂಬಗಳನ್ನು ಅದು ಆರಿಸಿಕೊಂಡಿತು. ಅದೇ ಮನೆಯ ಆರೋಗ್ಯವಂತರ ಕೋಶಗಳೂ ಹೋಲಿಕೆಗೆ ಬೇಕು. ಯಾರಿಗೆ, ಯಾವ ವಯಸ್ಸಿನಲ್ಲಿ ಕಾಯಿಲೆ ಶುರುವಾಯಿತು, ಔಷಧಕ್ಕೆ ಹೇಗೆ ಸ್ಪಂದಿಸಿತು ಎಂಬ ದಾಖಲೆಯಿಲ್ಲದಿದ್ದರೆ ತಟ್ಟೆಯ ಕೋಶ ಹೆಚ್ಚೇನೂ ಹೇಳದು. ಇಂಥ ದೀರ್ಘ ಅನುಸರಣೆ ಆಸ್ಪತ್ರೆಯ ಹೊರಗೂ ನಡೆದಿದೆ. ಗುಬ್ಬಿ, ಕುಣಿಗಲ್‌ಗಳ ನೆರೆಯ ತುರುವೇಕೆರೆ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ಸ್ಕಿಜೋಫ್ರೇನಿಯಾ ರೋಗಿಗಳನ್ನು ಗುರುತಿಸಿ, ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ವಿಚಾರಿಸಿಕೊಂಡಿದೆ. ಅದು ಕೋಶ ಕೃಷಿಯ ಯೋಜನೆಯಲ್ಲ. ಆದರೆ ಕೋಶಗಳನ್ನು ಅರ್ಥೈಸಲು ಬೇಕಾದ್ದು ಅಂಥದೇ ತಾಳ್ಮೆ.

ಮಿತಿಗಳು

ರೋಗಿಯ ಕೋಶಗಳಿಂದ ಹೀಗೆ ಕಾಂಡಕೋಶದ ಮೂಲಕ ಪಡೆದ ನರಕೋಶಗಳು ತಿಂಗಳುಗಟ್ಟಲೆ ಬೆಳೆದರೂ ಭ್ರೂಣದ ಮಿದುಳಿನ ಕೋಶಗಳನ್ನೇ ಹೋಲುತ್ತವೆ. ಎಪ್ಪತ್ತು ವರ್ಷದ ಅಜ್ಜಿಯ ರಕ್ತದಿಂದ ಬಂದ ಕೋಶಕ್ಕೂ ಆ ಎಪ್ಪತ್ತು ವರ್ಷಗಳ ಗುರುತು ಬಹುಮಟ್ಟಿಗೆ ಅಳಿಸಿಹೋಗಿರುತ್ತದೆ.