ಚಿಕ್ಕಬಳ್ಳಾಪುರ ಜಿಲ್ಲೆಯ ಲೋಕಸಭಾ ಪ್ರಾತಿನಿಧ್ಯ ಮತ್ತು ಸಂಸದರ ಕಾರ್ಯದಾಖಲೆ

ಚಿಕ್ಕಬಳ್ಳಾಪುರ ಜಿಲ್ಲೆಯ ಲೋಕಸಭಾ ಪ್ರಾತಿನಿಧ್ಯವು ಕರ್ನಾಟಕದ ಎರಡು ಲೋಕಸಭಾ ಕ್ಷೇತ್ರಗಳಲ್ಲಿ ಹಂಚಿಹೋಗಿದೆ. ಗೌರಿಬಿದನೂರು, ಬಾಗೇಪಲ್ಲಿ ಹಾಗೂ ಚಿಕ್ಕಬಳ್ಳಾಪುರ ವಿಧಾನಸಭಾ ಕ್ಷೇತ್ರಗಳ ಮತದಾರರು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೂ, ಶಿಡ್ಲಘಟ್ಟ ಹಾಗೂ ಚಿಂತಾಮಣಿ ವಿಧಾನಸಭಾ ಕ್ಷೇತ್ರಗಳ ಮತದಾರರು ಪರಿಶಿಷ್ಟ ಜಾತಿಗೆ ಮೀಸಲಾದ ಕೋಲಾರ ಲೋಕಸಭಾ ಕ್ಷೇತ್ರಕ್ಕೂ ಸೇರಿದ್ದಾರೆ. ಈ ಲೇಖನವು ಇಲ್ಲಿನ ಸಂಸದರ ಪರಂಪರೆ, ಸದನದಲ್ಲಿ ಅವರ ಮತ ದಾಖಲಾಗುವ ಬಗೆ ಹಾಗೂ ಮತದಾರರೊಡನೆ ಅವರ ಸಂಪರ್ಕದ ವ್ಯವಸ್ಥೆಗಳನ್ನು ವಿವರಿಸುತ್ತದೆ.

ಕ್ಷೇತ್ರದ ಸ್ವರೂಪ

ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ ಮೊದಲ ಚುನಾವಣೆ ನಡೆದದ್ದು 1977ರಲ್ಲಿ. ಆಗ ಇದು ಕೋಲಾರ ಜಿಲ್ಲೆಯ ಭಾಗವಾಗಿತ್ತು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. 2008ರ ಕ್ಷೇತ್ರ ಪುನರ್ವಿಂಗಡಣೆಯ ಬಳಿಕ ಈ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ: ಗೌರಿಬಿದನೂರು, ಬಾಗೇಪಲ್ಲಿ, ಚಿಕ್ಕಬಳ್ಳಾಪುರ, ಯಲಹಂಕ, ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ ಮತ್ತು ನೆಲಮಂಗಲ.

ಇವುಗಳಲ್ಲಿ ಮೂರು ಮಾತ್ರ ಚಿಕ್ಕಬಳ್ಳಾಪುರ ಜಿಲ್ಲೆಯವು. ಆಂಧ್ರಪ್ರದೇಶದ ಗಡಿಯಲ್ಲಿರುವ ಬಾಗೇಪಲ್ಲಿಯ ಒಣಬೇಸಾಯಗಾರನೂ ಬೆಂಗಳೂರು ನಗರದೊಳಗಿನ ಯಲಹಂಕದ ನಿವಾಸಿಯೂ ಒಬ್ಬರೇ ಸಂಸದರನ್ನು ಆರಿಸುತ್ತಾರೆ. ಇನ್ನೊಂದೆಡೆ, ಜಿಲ್ಲಾ ಕೇಂದ್ರಕ್ಕೆ ಸಮೀಪವಿರುವ ಶಿಡ್ಲಘಟ್ಟದ ರೇಷ್ಮೆ ಬೆಳೆಗಾರನು ತನ್ನ ಅಹವಾಲನ್ನು ಕೋಲಾರದ ಸಂಸದರಿಗೆ ಸಲ್ಲಿಸಬೇಕಾಗುತ್ತದೆ. ಜಿಲ್ಲೆಯ ಹೆಸರೂ ಲೋಕಸಭಾ ಕ್ಷೇತ್ರದ ಹೆಸರೂ ಒಂದೇ ಆಗಿರುವುದರಿಂದ ಈ ವ್ಯತ್ಯಾಸವು ಅನೇಕರ ಗಮನಕ್ಕೆ ಬರುವುದಿಲ್ಲ.

ಸಂಸದರು

ಚಿಕ್ಕಬಳ್ಳಾಪುರ ಕ್ಷೇತ್ರದಿಂದ ಆಯ್ಕೆಯಾದವರು:

- 1977: ಎಂ. ವಿ. ಕೃಷ್ಣಪ್ಪ (ಕಾಂಗ್ರೆಸ್)
- 1980: ಎಸ್. ಎನ್. ಪ್ರಸನ್ನಕುಮಾರ್ (ಕಾಂಗ್ರೆಸ್-ಐ)
- 1984, 1989, 1991: ವಿ. ಕೃಷ್ಣರಾವ್ (ಕಾಂಗ್ರೆಸ್)
- 1996: ಆರ್. ಎಲ್. ಜಾಲಪ್ಪ (ಜನತಾದಳ)
- 1998, 1999, 2004: ಆರ್. ಎಲ್. ಜಾಲಪ್ಪ (ಕಾಂಗ್ರೆಸ್)
- 2009, 2014: ಎಂ. ವೀರಪ್ಪ ಮೊಯಿಲಿ (ಕಾಂಗ್ರೆಸ್)
- 2019: ಬಿ. ಎನ್. ಬಚ್ಚೇಗೌಡ (ಭಾರತೀಯ ಜನತಾ ಪಕ್ಷ)
- 2024: ಡಾ. ಕೆ. ಸುಧಾಕರ್ (ಭಾರತೀಯ ಜನತಾ ಪಕ್ಷ)

2014ರಲ್ಲಿ ಮೊಯಿಲಿಯವರು ಬಚ್ಚೇಗೌಡರನ್ನು 9,520 ಮತಗಳ ಅಲ್ಪ ಅಂತರದಿಂದ ಸೋಲಿಸಿದರು. 2019ರಲ್ಲಿ ಅದೇ ಬಚ್ಚೇಗೌಡರು ಮೊಯಿಲಿಯವರನ್ನು 1,82,110 ಮತಗಳಿಂದ ಪರಾಭವಗೊಳಿಸಿದರು.

ಕೋಲಾರ ಕ್ಷೇತ್ರವನ್ನು 1991ರಿಂದ 2019ರವರೆಗೆ ಸತತ ಏಳು ಅವಧಿಗೆ ಕೆ. ಎಚ್. ಮುನಿಯಪ್ಪ ಪ್ರತಿನಿಧಿಸಿದರು. 2019ರಲ್ಲಿ ಭಾರತೀಯ ಜನತಾ ಪಕ್ಷದ ಎಸ್. ಮುನಿಸ್ವಾಮಿ, 2024ರಲ್ಲಿ ಜಾತ್ಯತೀತ ಜನತಾದಳದ ಎಂ. ಮಲ್ಲೇಶ್ ಬಾಬು ಆಯ್ಕೆಯಾದರು.

ಸದನದಲ್ಲಿ ಮತ ದಾಖಲಾಗುವ ಬಗೆ

ಸಂಸದರು ಪ್ರತಿಯೊಂದು ಮಸೂದೆಯ ಮೇಲೆ ಹೇಗೆ ಮತ ನೀಡಿದರೆಂಬ ಪೂರ್ಣ ದಾಖಲೆ ದೊರೆಯುವುದಿಲ್ಲ. ಲೋಕಸಭೆಯ ಬಹುಪಾಲು ತೀರ್ಮಾನಗಳು ಧ್ವನಿಮತದಿಂದ ಆಗುತ್ತವೆ. ಪರವಾಗಿರುವವರು ಹಾಗೂ ವಿರುದ್ಧವಾಗಿರುವವರು ಕೂಗಿ ಹೇಳಿದುದನ್ನು ಕೇಳಿ ಸಭಾಧ್ಯಕ್ಷರು ಫಲಿತಾಂಶ ಸಾರುತ್ತಾರೆ. ಯಾರ ಹೆಸರೂ ದಾಖಲಾಗುವುದಿಲ್ಲ. ಸದಸ್ಯರು ಆ ಫಲಿತಾಂಶವನ್ನು ಪ್ರಶ್ನಿಸಿ ಮತವಿಭಜನೆ ಕೋರಿದಾಗ ಮಾತ್ರ ಪ್ರತಿಯೊಬ್ಬರ ಮತ ಹೆಸರಿನೊಡನೆ ಕಲಾಪದ ವರದಿಯಲ್ಲಿ ಸೇರುತ್ತದೆ. ಸಂವಿಧಾನ ತಿದ್ದುಪಡಿಗೆ ಸದನದ ಒಟ್ಟು ಸದಸ್ಯಬಲದ ಬಹುಮತವೂ, ಹಾಜರಿದ್ದು ಮತ ನೀಡಿದವರ ಮೂರನೇ ಎರಡರಷ್ಟು ಬಹುಮತವೂ ಬೇಕಾದುದರಿಂದ ಅಲ್ಲಿ ಮತವಿಭಜನೆ ಅನಿವಾರ್ಯ.

ಈ ಭಾಗದ ರೈತರಿಗೆ ನೇರವಾಗಿ ಸಂಬಂಧಿಸಿದ ನಿದರ್ಶನಗಳಿವೆ. 2020ರ ಸೆಪ್ಟೆಂಬರ್‌ನಲ್ಲಿ ಕೃಷಿ ಮಾರುಕಟ್ಟೆ ಹಾಗೂ ಗುತ್ತಿಗೆ ಕೃಷಿಗೆ ಸಂಬಂಧಿಸಿದ ಮಸೂದೆಗಳು ಲೋಕಸಭೆಯಲ್ಲಿ ಧ್ವನಿಮತದಿಂದ ಅಂಗೀಕಾರವಾದವು. 2021ರ ನವೆಂಬರ್ 29ರಂದು ಆ ಕಾಯ್ದೆಗಳನ್ನು ರದ್ದುಗೊಳಿಸಿದ್ದೂ ಧ್ವನಿಮತದಿಂದಲೇ. ಚಿಂತಾಮಣಿಯ ಟೊಮೆಟೊ ಬೆಳೆಗಾರರಾಗಲಿ ಗೌರಿಬಿದನೂರಿನ ಮೆಕ್ಕೆಜೋಳ ಬೆಳೆಗಾರರಾಗಲಿ ತಮ್ಮ ಸಂಸದರ ವೈಯಕ್ತಿಕ ಮತವನ್ನು ಹುಡುಕಿದರೆ, ಎರಡೂ ಸಂದರ್ಭಗಳಲ್ಲಿ ಅಂಥ ದಾಖಲೆಯೇ ಇಲ್ಲ.

ಅವಿಶ್ವಾಸ ನಿರ್ಣಯಗಳಲ್ಲಿಯೂ ಈ ಭೇದವನ್ನು ಕಾಣಬಹುದು. 2018ರ ಜುಲೈ 20ರ ನಿರ್ಣಯವು ಮತವಿಭಜನೆಯಲ್ಲಿ 126–325 ಮತಗಳಿಂದ ಸೋತಿತು. 2023ರ ಆಗಸ್ಟ್ 10ರ ನಿರ್ಣಯವು ಧ್ವನಿಮತದಿಂದ ಸೋತಿತು.

ಪಕ್ಷದ ಸಚೇತಕಾಜ್ಞೆ

ಮತವಿಭಜನೆಯ ದಾಖಲೆ ಇದ್ದಾಗಲೂ ಅದು ಸದಸ್ಯರ ಸ್ವಂತ ಅಭಿಪ್ರಾಯವನ್ನೇ ತೋರಿಸುತ್ತದೆಂದು ಹೇಳಲಾಗದು. 1985ರ 52ನೇ ತಿದ್ದುಪಡಿಯು ಸಂವಿಧಾನಕ್ಕೆ ಹತ್ತನೇ ಅನುಸೂಚಿಯನ್ನು ಸೇರಿಸಿತು. ಅದರಂತೆ ಪಕ್ಷದ ಸಚೇತಕಾಜ್ಞೆಯನ್ನು, ಅಂದರೆ ವಿಪ್ ಅನ್ನು, ಮೀರಿ ಮತ ನೀಡುವ ಅಥವಾ ಮತದಾನದಿಂದ ದೂರ ಉಳಿಯುವ ಸದಸ್ಯರು ಸ್ಥಾನ ಕಳೆದುಕೊಳ್ಳಬಹುದು. ಪಕ್ಷವು ಹದಿನೈದು ದಿನಗಳೊಳಗೆ ಅದನ್ನು ಮನ್ನಿಸಿದರೆ ಈ ನಿಯಮ ಅನ್ವಯಿಸದು.

ಆಜ್ಞೆ ಮೀರಿದ ಪ್ರಸಂಗ ನೆರೆಯ ಬೆಂಗಳೂರು ಉತ್ತರ ಕ್ಷೇತ್ರದಲ್ಲಿ ಸಂಭವಿಸಿದೆ. 2008ರ ಜುಲೈ 22ರಂದು ಮನಮೋಹನ ಸಿಂಗ್ ಸರ್ಕಾರವು 275–256 ಮತಗಳಿಂದ ವಿಶ್ವಾಸಮತ ಗೆದ್ದಾಗ, ಅಲ್ಲಿನ ಭಾರತೀಯ ಜನತಾ ಪಕ್ಷದ ಸಂಸದ ಎಚ್. ಟಿ. ಸಾಂಗ್ಲಿಯಾನ ಸರ್ಕಾರದ ಪರ ಮತ ನೀಡಿ ಪಕ್ಷದಿಂದ ಉಚ್ಚಾಟಿತರಾದರು.

ಸರ್ವಾನುಮತಕ್ಕೆ ಸಮೀಪವಾದ ಮತದಾನಗಳೂ ಇವೆ. ಸರಕು ಮತ್ತು ಸೇವಾ ತೆರಿಗೆಯ ತಿದ್ದುಪಡಿಯು 2016ರ ಆಗಸ್ಟ್ 8ರಂದು 443–0 ಮತಗಳಿಂದಲೂ, ಮಹಿಳಾ ಮೀಸಲಾತಿ ಮಸೂದೆಯು 2023ರ ಸೆಪ್ಟೆಂಬರ್ 20ರಂದು 454–2 ಮತಗಳಿಂದಲೂ ಅಂಗೀಕಾರವಾದವು. ಇಂಥ ಸಂದರ್ಭಗಳಲ್ಲಿ ಸದಸ್ಯರು ಯಾವ ಕಡೆ ಇದ್ದರೆಂಬುದಕ್ಕಿಂತ, ಅಂದು ಸದನದಲ್ಲಿ ಹಾಜರಿದ್ದರೇ ಎಂಬುದೇ ದಾಖಲೆಯಿಂದ ತಿಳಿಯಬಹುದಾದ ಮುಖ್ಯ ಸಂಗತಿ.

ಪ್ರಶ್ನೆಗಳು, ಸಮಿತಿಗಳು ಮತ್ತು ಸಚಿವ ಪದವಿ

ಮತದಾನಕ್ಕಿಂತ ಹೆಚ್ಚು ಸ್ಪಷ್ಟವಾಗಿ ಸಂಸದರ ಕಾರ್ಯವನ್ನು ತೋರಿಸುವವು ಅವರು ಕೇಳಿದ ಪ್ರಶ್ನೆಗಳು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಮೌಖಿಕವಾಗಿ, ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತವಾಗಿ ಉತ್ತರಿಸುತ್ತಾರೆ. ಶೂನ್ಯವೇಳೆ ಹಾಗೂ ನಿಯಮ 377ರ ಅಡಿಯಲ್ಲಿ ಕ್ಷೇತ್ರದ ತುರ್ತು ವಿಷಯಗಳನ್ನು ಎತ್ತಬಹುದು. ಇವೆಲ್ಲವೂ ಸದಸ್ಯರ ಹೆಸರಿನಲ್ಲಿಯೇ ದಾಖಲಾಗುತ್ತವೆ.

ಸಚಿವರಾದವರು ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ, ಪ್ರಶ್ನೆ ಕೇಳುವುದೂ ಇಲ್ಲ. 1996ರಿಂದ 1998ರವರೆಗೆ ಜವಳಿ ಸಚಿವರಾಗಿದ್ದ ಜಾಲಪ್ಪ, 2009ರಿಂದ 2014ರವರೆಗೆ ಕಾನೂನು, ಕಂಪನಿ ವ್ಯವಹಾರ, ಪೆಟ್ರೋಲಿಯಂ ಮೊದಲಾದ ಖಾತೆಗಳನ್ನು ಹೊಂದಿದ್ದ ಮೊಯಿಲಿ, 2009ರಿಂದ 2012ರವರೆಗೆ ರೈಲ್ವೆ ರಾಜ್ಯ ಸಚಿವರಾಗಿದ್ದ ಮುನಿಯಪ್ಪ ಇವರ ಆ ಅವಧಿಗಳನ್ನು ಪ್ರಶ್ನೆಗಳ ಎಣಿಕೆಯಿಂದ ಅಳೆಯುವುದು ಸರಿಯಾಗದು. 16ನೇ ಲೋಕಸಭೆಯಲ್ಲಿ ಮೊಯಿಲಿಯವರು ಹಣಕಾಸು ಸ್ಥಾಯಿ ಸಮಿತಿಯ ಅಧ್ಯಕ್ಷರಾಗಿದ್ದರು. ಸಮಿತಿಗಳ ಕೆಲಸವೂ ಹಾಜರಿಯ ಅಂಕಿಗಳಲ್ಲಿ ಕಾಣುವುದಿಲ್ಲ.

ಕ್ಷೇತ್ರದ ಪ್ರಮುಖ ವಿಷಯಗಳು

ನೀರು: ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೊಳವೆಬಾವಿಗಳು ಆಳಕ್ಕಿಳಿದಂತೆ ಫ್ಲೋರೈಡ್ ಸಮಸ್ಯೆಯೂ ಬೆಳೆಯಿತು. ಎತ್ತಿನಹೊಳೆ ಯೋಜನೆಗೆ 2014ರ ಮಾರ್ಚ್ 3ರಂದು ಚಿಕ್ಕಬಳ್ಳಾಪುರದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಶಂಕುಸ್ಥಾಪನೆ ಮಾಡಿದರು. ಮೊಯಿಲಿಯವರು ಈ ಯೋಜನೆಯನ್ನು ಬಲವಾಗಿ ಬೆಂಬಲಿಸಿದರು. ಅವರ ತವರಾದ ಕರಾವಳಿಯಲ್ಲಿ ಅದಕ್ಕೆ ತೀವ್ರ ವಿರೋಧವಿತ್ತು. ಶಾಶ್ವತ ನೀರಾವರಿಗಾಗಿ ಬಯಲುಸೀಮೆಯ ರೈತರು 2016ರ ಮಾರ್ಚ್‌ನಲ್ಲಿ ಬೆಂಗಳೂರಿನತ್ತ ಟ್ರ್ಯಾಕ್ಟರ್ ಜಾಥಾ ನಡೆಸಿದರು. ಯೋಜನೆಯ ಮೊದಲ ಹಂತಕ್ಕೆ ಚಾಲನೆ ದೊರೆತದ್ದು 2024ರ ಸೆಪ್ಟೆಂಬರ್ 6ರಂದು, ಸಕಲೇಶಪುರದ ಬಳಿ. ನೀರಾವರಿ ರಾಜ್ಯದ ವಿಷಯವಾದುದರಿಂದ ಇಲ್ಲಿ ಸಂಸದರ ಪಾತ್ರ ಮುಖ್ಯವಾಗಿ ಕೇಂದ್ರದ ಅನುಮತಿ ಹಾಗೂ ಅನುದಾನಗಳಿಗೆ ಸಂಬಂಧಿಸಿದ್ದು.

ರೇಷ್ಮೆ: ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಕಚ್ಚಾ ರೇಷ್ಮೆಯ ಆಮದು ಸುಂಕ ನಿಗದಿಯಾಗುವುದು ಕೇಂದ್ರದಲ್ಲಿ. 2011ರ ಮುಂಗಡಪತ್ರದಲ್ಲಿ ಸುಂಕವು ಶೇಕಡಾ 30ರಿಂದ 5ಕ್ಕೆ ಇಳಿದಾಗ ಬೆಳೆಗಾರರು ಪ್ರತಿಭಟಿಸಿದರು. 2013ರಲ್ಲಿ ಅದನ್ನು ಶೇಕಡಾ 15ಕ್ಕೆ ಏರಿಸಲಾಯಿತು. ಆಗ ಚಿಕ್ಕಬಳ್ಳಾಪುರ ಮತ್ತು ಕೋಲಾರದ ಸಂಸದರಿಬ್ಬರೂ ಕೇಂದ್ರ ಸಚಿವರಾಗಿದ್ದು, ಸರ್ಕಾರದ ಸಾಮೂಹಿಕ ಹೊಣೆಗೆ ಬದ್ಧರಾಗಿದ್ದರು.

ರೈಲು: ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿಗಳ ಮೂಲಕ ಕೋಲಾರಕ್ಕೆ ಹೋಗುವ ಹಳೆಯ ನ್ಯಾರೋಗೇಜ್ ಮಾರ್ಗವನ್ನು ಬ್ರಾಡ್‌ಗೇಜ್‌ಗೆ ಪರಿವರ್ತಿಸುವ ಕಾರ್ಯವು 2013ರಲ್ಲಿ ಪೂರ್ಣಗೊಂಡಿತು.

ಮತದಾರರೊಡನೆ ಸಂಪರ್ಕ

ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆ 1993ರ ಡಿಸೆಂಬರ್‌ನಲ್ಲಿ ಆರಂಭವಾಯಿತು. 2011–12ರಿಂದ ಪ್ರತಿ ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ ನಿಗದಿಯಾಗಿದೆ. ಸಂಸದರು ಕಾಮಗಾರಿಯನ್ನು ಶಿಫಾರಸು ಮಾಡುತ್ತಾರೆ. ಮಂಜೂರಾತಿ ಹಾಗೂ ಅನುಷ್ಠಾನ ಜಿಲ್ಲಾಡಳಿತದ ಹೊಣೆ. ನಿಧಿಯ ಕನಿಷ್ಠ ಶೇಕಡಾ 15ರಷ್ಟು ಪರಿಶಿಷ್ಟ ಜಾತಿಯವರ, ಶೇಕಡಾ 7.5ರಷ್ಟು ಪರಿಶಿಷ್ಟ ಪಂಗಡದವರ ವಸತಿ ಪ್ರದೇಶಗಳಿಗೆ ಸಲ್ಲಬೇಕು. ಈ ಮೊತ್ತ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಸಮನಾಗಿ ಹಂಚಿದರೆ ಒಂದಕ್ಕೆ ವರ್ಷಕ್ಕೆ ಸುಮಾರು 62 ಲಕ್ಷ ರೂಪಾಯಿ ಆಗುತ್ತದೆ. ಕೋವಿಡ್ ಕಾರಣದಿಂದ 2020ರ ಏಪ್ರಿಲ್‌ನಲ್ಲಿ ತಡೆಹಿಡಿದ ಯೋಜನೆಯನ್ನು 2021ರ ನವೆಂಬರ್‌ನಲ್ಲಿ ಮತ್ತೆ ಜಾರಿಗೆ ತರಲಾಯಿತು.

ಕೇಂದ್ರ ಯೋಜನೆಗಳ ಪರಿಶೀಲನೆಗಾಗಿ 2016ರಲ್ಲಿ ರಚನೆಯಾದ ಜಿಲ್ಲಾ ಅಭಿವೃದ್ಧಿ ಸಮನ್ವಯ ಮತ್ತು ಮೇಲ್ವಿಚಾರಣಾ ಸಮಿತಿಗೆ, ಅಂದರೆ ದಿಶಾ ಸಮಿತಿಗೆ, ಸಂಸದರು ಅಧ್ಯಕ್ಷರು. ಜಿಲ್ಲಾಧಿಕಾರಿ ಸದಸ್ಯ ಕಾರ್ಯದರ್ಶಿ. ಇದು ಮೂರು ತಿಂಗಳಿಗೊಮ್ಮೆ ಸೇರಬೇಕೆಂಬ ನಿಯಮವಿದೆ. ಒಂದಕ್ಕಿಂತ ಹೆಚ್ಚು ಸಂಸದರಿರುವ ಜಿಲ್ಲೆಯಲ್ಲಿ ಒಬ್ಬರು ಅಧ್ಯಕ್ಷರೂ ಉಳಿದವರು ಸಹ-ಅಧ್ಯಕ್ಷರೂ ಆಗುತ್ತಾರೆ. ಉದ್ಯೋಗ ಖಾತರಿ, ಗ್ರಾಮ ಸಡಕ್, ಜಲಜೀವನ್ ಮುಂತಾದ ಯೋಜನೆಗಳ ಬಗ್ಗೆ ಚಿಂತಾಮಣಿ, ಶಿಡ್ಲಘಟ್ಟಗಳ ಮತದಾರರ ದೂರುಗಳನ್ನು ಕೋಲಾರದ ಸಂಸದರು ಚಿಕ್ಕಬಳ್ಳಾಪುರ ಜಿಲ್ಲಾಡಳಿತದ ಮುಂದಿಡಲು ಇರುವ ಅಧಿಕೃತ ವೇದಿಕೆ ಇದು.

ದಾಖಲೆಗಳ ಲಭ್ಯತೆ

ಲೋಕಸಭೆಯ ಕಲಾಪ ವರದಿ, ಮತವಿಭಜನೆಯ ಪಟ್ಟಿ ಹಾಗೂ ಪ್ರಶ್ನೋತ್ತರಗಳು ಸಂಸತ್ತಿನ ಅಧಿಕೃತ ಜಾಲತಾಣದಲ್ಲಿ ಸಾರ್ವಜನಿಕರಿಗೆ ಲಭ್ಯವಿವೆ. ಹಾಜರಿ, ಪ್ರಶ್ನೆ ಹಾಗೂ ಚರ್ಚೆಗಳ ಅಂಕಿಗಳನ್ನು ಪಿಆರ್‌ಎಸ್ ಶಾಸಕಾಂಗ ಸಂಶೋಧನಾ ಸಂಸ್ಥೆ ಸಂಸದರ ಹೆಸರಿನಂತೆ ಸಂಕಲಿಸುತ್ತದೆ. ಪ್ರದೇಶಾಭಿವೃದ್ಧಿ ನಿಧಿಯ ಕಾಮಗಾರಿಗಳ ವಿವರವನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಜಿಲ್ಲಾಧಿಕಾರಿ ಕಚೇರಿಯಿಂದ ಪಡೆಯಬಹುದು.

ಇವನ್ನೂ ನೋಡಿ

- ಕೋಲಾರ ಲೋಕಸಭಾ ಕ್ಷೇತ್ರ
- ಎತ್ತಿನಹೊಳೆ ಯೋಜನೆ
- ಪಕ್ಷಾಂತರ ನಿಷೇಧ ಕಾಯ್ದೆ