ಗವಾಕ್ಷಿ ಮುಚ್ಚಿದ ಮನೆಗಳು

ಏಪ್ರಿಲ್ ಬಂತೆಂದರೆ ಹೊಸಪೇಟೆಯ ಮಧ್ಯಾಹ್ನದ ಬೀದಿಗಳು ಬಿಕೋ ಎನ್ನುತ್ತವೆ. ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ ದಿನಗಳವು. ಹಗಲಿಡೀ ಕಾದ ಹಂಪಿಯ ಬಂಡೆಗಳು ರಾತ್ರಿಯೂ ಬಿಸಿ ಉಗುಳುತ್ತಿರುತ್ತವೆ. ಮನೆಯೊಳಗಿನ ಸೆಕೆ, ಹೊಗೆ, ಆವಿಯನ್ನು ಹೊರಗಟ್ಟುವುದು ಹೇಗೆ ಎಂಬುದು ಈ ಸೀಮೆಯಲ್ಲಿ ಮನೆ ಕಟ್ಟಿದ ಪ್ರತಿಯೊಬ್ಬರಿಗೂ ಎದುರಾದ ಹಳೆಯ ಪ್ರಶ್ನೆ.

ಇದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉತ್ತರವೇ ಗವಾಕ್ಷಿ. ಕಂಪ್ಲಿ, ಸಂಡೂರು ಸುತ್ತಿನ ಹಳ್ಳಿಗಳ ಮಾಳಿಗೆ ಮನೆಗಳನ್ನು ನೋಡಿದವರಿಗೆ ಇದು ಹೊಸದಲ್ಲ. ತೊಲೆ, ಜಂತೆಗಳ ಮೇಲೆ ಮಣ್ಣಿನ ದಪ್ಪ ಹೊದಿಕೆ. ಬಿಸಿಲಿಗೆ ಅಂಜಿ ಗೋಡೆಗೆ ಇಟ್ಟ ಒಂದೆರಡು ಸಣ್ಣ ಕಿಟಕಿಗಳು. ಅಡುಗೆಮನೆಯ ಮತ್ತು ನಡುಮನೆಯ ನೆತ್ತಿಯಲ್ಲಿ ಒಂದೊಂದು ಕಿಂಡಿ. ಮಳೆ ಹನಿಯತೊಡಗಿದರೆ ಮಾಳಿಗೆ ಹತ್ತಿ ಅದಕ್ಕೆ ಚಪ್ಪಡಿ ಮುಚ್ಚಿ ಬರುವುದು ಮನೆಯ ಹುಡುಗರ ಕೆಲಸ. ಗವಾಕ್ಷಿಯ ಮೂಲವಾದ ಸಂಸ್ಕೃತ ಪದಕ್ಕೆ ಗೋವಿನ ಕಣ್ಣು ಎಂದರ್ಥ. ಬೆಳಕು ಒಳಬರುವ ಆ ಕಣ್ಣೇ ಹೊಗೆ ಹೊರಹೋಗುವ ಮೂಗೂ ಆಗಿತ್ತು.

ಇದರ ಹಿಂದಿನ ತತ್ವ ಸರಳ. ಬಿಸಿಗಾಳಿ ಹಗುರ, ಅದು ಮೇಲೇರುತ್ತದೆ. ನೆತ್ತಿಯ ಕಿಂಡಿಯಿಂದ ಅದು ಹೊರಬಿದ್ದಾಗ, ಆ ಜಾಗ ತುಂಬಲು ಬಾಗಿಲಿನಿಂದ ಬೇರೆ ಗಾಳಿ ಒಳಬರುತ್ತದೆ. ಅಂದರೆ ಗಾಳಿಗೆ ಎರಡು ದಾರಿ ಬೇಕು: ಹೋಗಲೊಂದು, ಬರಲೊಂದು. ಇದನ್ನು ಮರೆತಲ್ಲಿ ಯಾವ ಉಪಾಯವೂ ಫಲಿಸದು.

ವಿಜಯನಗರದ ಅರಸರ ಕಟ್ಟಡಗಳಲ್ಲೂ ಇದೇ ವಿವೇಕ ಕಾಣುತ್ತದೆ. ಅರಮನೆಗಳ ಮರದ ಮೇಲ್ಭಾಗ 1565ರ ಯುದ್ಧಾನಂತರದ ವಿನಾಶದಲ್ಲಿ ಹೋಗಿ, ಕಲ್ಲಿನ ಜಗಲಿಗಳಷ್ಟೇ ಉಳಿದವು. ಆದರೆ ಗಾರೆ ಕಟ್ಟಡಗಳು ಕೆಲವು ನಿಂತಿವೆ. ಕಮಲ ಮಹಲಿನ ಕೆಳ ಅಂತಸ್ತು ಎಲ್ಲ ದಿಕ್ಕಿಗೂ ಕಮಾನುಗಳಿಂದ ತೆರೆದಿದೆ. ಜನ ರಾಣಿಯರ ಸ್ನಾನಗೃಹವೆಂದು ಕರೆಯುವ ಕಟ್ಟಡದಲ್ಲಿ ನಡುವೆ ಸುಮಾರು 15 ಮೀಟರ್ ಉದ್ದಗಲದ ಕೊಳ, ಸುತ್ತ ನೆರಳಿನ ಮೊಗಸಾಲೆ, ನೀರಿನ ಮೇಲೆ ಚಾಚಿದ ಉಪ್ಪರಿಗೆ ಕಿಟಕಿಗಳು. ಕೊಳದ ನೆತ್ತಿಗೆ ಮಾಡೇ ಇಲ್ಲ, ಆಕಾಶವೇ ಗವಾಕ್ಷಿ.

ಬ್ರಿಟಿಷರು ಬೇರೆ ದಾರಿ ಹಿಡಿದರು. ಬಳ್ಳಾರಿ ದಂಡಿನ ಬಿಳಿಯ ಸೈನಿಕರಿಗಾಗಿ 19ನೇ ಶತಮಾನದಲ್ಲಿ ಸಂಡೂರು ಸಂಸ್ಥಾನದ ರಾಮನದುರ್ಗದಲ್ಲಿ ಆರೋಗ್ಯಧಾಮ ಮಾಡಿದರು. ಅದು ಸಮುದ್ರಮಟ್ಟದಿಂದ 3,000 ಅಡಿಗೂ ಎತ್ತರದ ಬೆಟ್ಟ. ಬೆಟ್ಟ ಹತ್ತಲಾಗದ ಜನಕ್ಕೆ ಗವಾಕ್ಷಿಯೇ ಗತಿ. ಒಲೆಯ ಹೊಗೆಗೆ ಆ ಕಿಂಡಿಯೊಂದೇ ಸಾಲದೆಂದು ತಿಳಿದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರ ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿತು. 1980ರ ದಶಕದಲ್ಲಿ ಅದು ರಾಜ್ಯದ ಹಳ್ಳಿಗಳಿಗೆ ಹೋಯಿತು.

ಅಷ್ಟರಲ್ಲಿ ಸಿಮೆಂಟಿನ ತಾರಸಿ ಬಂದಿತ್ತು. ಮಳೆಗೆ ಸೋರದ, ಇಲಿ ಹೆಗ್ಗಣ ಕೊರೆಯದ ಮಾಡು ಯಾರಿಗೆ ಬೇಡ? ಆದರೆ ಅದರೊಂದಿಗೆ ನೆತ್ತಿಯ ಕಿಂಡಿ ಮುಚ್ಚಿತು. ಅದರ ಕೆಲಸ ಯಂತ್ರದ ಪಾಲಿಗೆ ಬಂತು. ಇಂದಿನ ಹವಾನಿಯಂತ್ರಣದ ಮೂಲ 1902ರಲ್ಲಿ ಅಮೆರಿಕದ ವಿಲಿಸ್ ಕ್ಯಾರಿಯರ್ ಒಂದು ಮುದ್ರಣಾಲಯಕ್ಕಾಗಿ ಹಾಕಿಕೊಟ್ಟ ಯೋಜನೆ. ತೇವಕ್ಕೆ ಕಾಗದ ಹಿಗ್ಗುವುದನ್ನು ತಡೆಯುವುದು ಅದರ ಉದ್ದೇಶ. ಈ ಯಂತ್ರ ಬಿಸಿಯನ್ನು ನಾಶಮಾಡುವುದಿಲ್ಲ, ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುತ್ತದೆ. ಆದ್ದರಿಂದಲೇ ಕೋಣೆಯಿಂದ ಕೋಣೆಗೆ ತಳ್ಳಿಕೊಂಡು ಹೋಗುವ ಏಸಿಯ ದಪ್ಪ ಕೊಳವೆಯನ್ನು ಕಿಟಕಿಯಾಚೆ ಬಿಡದೆ ಪಡಸಾಲೆಗೆ ಬಿಟ್ಟರೆ, ಕೋಣೆಯ ಬಿಸಿ ಪಡಸಾಲೆಗೆ ಬಂತಷ್ಟೇ. ಸರಿಯಾಗಿ ಹೊರಬಿಟ್ಟರೂ ಒಂದೇ ಕೊಳವೆಯ ಯಂತ್ರ ಕೋಣೆಯ ಗಾಳಿಯನ್ನೇ ಹೊರದೂಡುವುದರಿಂದ, ಬಾಗಿಲ ಸಂದಿಯಿಂದ ಹೊರಗಿನ ಬಿಸಿಗಾಳಿ ನುಗ್ಗುತ್ತದೆ.

ಬಚ್ಚಲಿನ ಎಕ್ಸಾಸ್ಟ್ ಫ್ಯಾನಿನದೂ ಇದೇ ಕಥೆ. ಅದನ್ನು ಫಾಲ್ಸ್ ಸೀಲಿಂಗಿನೊಳಕ್ಕೆ ತಿರುಗಿಸಿದರೆ ಆವಿ ಅಲ್ಲೇ ತಂಗಿ ಬೂಸ್ಟು ಹಿಡಿಯುತ್ತದೆ. ಇದಕ್ಕಿಂತ ಭಯಾನಕ ಸಂಗತಿ ಗ್ಯಾಸ್ ಗೀಸರಿನದು. ಗಾಳಿಯಾಡದ ಬಚ್ಚಲಲ್ಲಿ ಅದು ಉರಿದಾಗ ಆಮ್ಲಜನಕ ಸಾಲದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಬಚ್ಚಲಲ್ಲೇ ಪ್ರಾಣ ಬಿಟ್ಟ ಸುದ್ದಿಯನ್ನು ನಮ್ಮ ರಾಜ್ಯದಲ್ಲೂ ಮತ್ತೆ ಮತ್ತೆ ಓದುತ್ತಿದ್ದೇವೆ. ಹಿತ್ತಿಲ ಬಚ್ಚಲಲ್ಲಿ ಹಂಡೆಯ ಕೆಳಗೆ ಸೌದೆ ಉರಿಸುತ್ತಿದ್ದ ಕಾಲದಲ್ಲಿ ಹೊಗೆ ಕಣ್ಣು ಉರಿಸಿ ಎಚ್ಚರಿಸುತ್ತಿತ್ತು. ಈ ವಿಷ ಎಚ್ಚರಿಸುವುದಿಲ್ಲ.

ಮಣ್ಣಿನ ಮಾಳಿಗೆಗೆ ಮರಳಬೇಕೆಂದು ಯಾರೂ ಹೇಳುವುದಿಲ್ಲ. ಗೀಸರಿನ ಸಿಲಿಂಡರನ್ನೂ ಬರ್ನರನ್ನೂ ಬಚ್ಚಲ ಹೊರಗಿಟ್ಟು ಬಿಸಿನೀರನ್ನಷ್ಟೇ ಒಳಗೆ ತರಬಹುದು. ಫ್ಯಾನನ್ನು ಹೊರಗೋಡೆಗೆ ಕೂರಿಸಿ, ಬಾಗಿಲ ಬುಡದಲ್ಲಿ ಗಾಳಿಗೆ ಸಂದಿ ಬಿಡಬಹುದು. ಹೊಸ ಮನೆಯ ನಕ್ಷೆ ಕೈಗೆ ಬಂದಾಗ ಕೋಣೆಗಳ ಅಳತೆಯ ಜೊತೆಗೆ ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿಂದ ಹೋಗುತ್ತದೆ ಎಂದೂ ಕೇಳಿದರೆ ಸಾಕು. ಮಾಳಿಗೆ ಹತ್ತಿ ಚಪ್ಪಡಿ ಸರಿಸುತ್ತಿದ್ದ ಹುಡುಗನಿಗೂ ಅಷ್ಟು ಗೊತ್ತಿತ್ತು.