ಯಂತ್ರದೊಳಗಿನ ಪ್ರತಿನಾಯಕ

ಆಟಕ್ಕೆ ಎದುರಾಳಿ ಬೇಕು. ಪಗಡೆಯಾಗಲಿ ಚದುರಂಗವಾಗಲಿ, ಹಾಸಿನ ಆಚೆ ಬದಿಯಲ್ಲಿ ಒಬ್ಬ ಮನುಷ್ಯ ಕುಳಿತಿರಲೇಬೇಕೆಂಬುದು ಬಹುಕಾಲ ನಡೆದುಬಂದ ನಿಯಮ. ಕಂಪ್ಯೂಟರ್ ಬಂದ ಮೇಲೆ ಆ ನಿಯಮ ಸಡಿಲಿತು. ಎದುರಾಳಿಯೂ ಯಂತ್ರದೊಳಗೇ ಸೇರಿಕೊಂಡ. ಅಂತರಿಕ್ಷ ಯುದ್ಧದ ಆಟಗಳಲ್ಲಿ ಈ ಎದುರಾಳಿಯ ಚರಿತ್ರೆ ವಿಶೇಷ ಕುತೂಹಲಕರವಾದುದು. ಏಕೆಂದರೆ ಅವನನ್ನು ರೂಪಿಸಿದವರು ಆಟದ ಮೂಲಕರ್ತರು ಮಾತ್ರವಲ್ಲ, ಆಟವಾಡಿದವರೂ ಹೌದು. ಆಡುವವರೇ ಆಟವನ್ನು ತಿದ್ದುವ ಕೆಲಸಕ್ಕೆ ಈಗ ‘ಮಾಡಿಂಗ್’ ಎಂದು ಹೆಸರು. ಹಾಗೆ ತಿದ್ದಿ ಸೇರಿಸಿದ್ದು ‘ಮಾಡ್’. ನಮ್ಮ ಕಿವಿಗೆ ಇದು ‘ಮಾಡು’ ಎಂಬ ಕ್ರಿಯಾಪದದಂತೆ ಕೇಳಿಸುತ್ತದೆ. ವ್ಯುತ್ಪತ್ತಿಯಲ್ಲಿ ಸಂಬಂಧವೇನೂ ಇಲ್ಲ. ಆದರೂ ಅರ್ಥ ಹೊಂದಿಕೊಳ್ಳುತ್ತದೆ.

ಕನ್ನಡ ಪಾಠ ಹೇಳುವ ನಾನು ಈ ವಿಷಯದತ್ತ ತಿರುಗಿದ್ದಕ್ಕೆ ಕಾರಣವಿದೆ. ಓಲೆಗರಿಯ ಪ್ರತಿಗಳಲ್ಲಿ ಪಾಠಾಂತರಗಳನ್ನೂ ಪ್ರಕ್ಷೇಪಗಳನ್ನೂ ನೋಡಿ ರೂಢಿಯಾದ ಕಣ್ಣಿಗೆ ಇಲ್ಲಿನ ಕಥೆ ಪರಿಚಿತವಾಗಿಯೇ ಕಂಡಿತು. ಪ್ರತಿಕಾರ ಬರೆಯುತ್ತ ಬರೆಯುತ್ತ ಕವಿಯಾಗುವುದುಂಟು. ಇಲ್ಲಿ ಆಟಗಾರ ಆಡುತ್ತ ಆಡುತ್ತ ಕರ್ತೃವಾಗಿದ್ದಾನೆ.

1971ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮೈಕ್ ಮೇಫೀಲ್ಡ್ ಎಂಬ ಪ್ರೌಢಶಾಲೆಯ ವಿದ್ಯಾರ್ಥಿ, ಅರ್ವೈನ್ ವಿಶ್ವವಿದ್ಯಾಲಯದ ಸಿಗ್ಮಾ 7 ಯಂತ್ರದ ಮೇಲೆ, ‘ಸ್ಟಾರ್ ಟ್ರೆಕ್’ ಎಂಬ ದೂರದರ್ಶನದ ಕಥೆಯನ್ನು ಆಟವಾಗಿ ಬರೆದ. ಮುಂದೆ ಹ್ಯೂಲೆಟ್ ಪ್ಯಾಕರ್ಡ್ ಕಂಪೆನಿಯ ಯಂತ್ರಕ್ಕೂ ಅದನ್ನು ಹೊಂದಿಸಿಕೊಟ್ಟ. ಆಕಾಶವೆಂದರೆ ಎಂಟಕ್ಕೆ ಎಂಟರಂತೆ 64 ಮನೆಗಳು. ಒಂದೊಂದು ಮನೆಯೊಳಗೂ ಮತ್ತೆ 64 ಚೌಕಗಳು. ಆಟಗಾರ ತನ್ನ ನೌಕೆಯನ್ನು ನಡೆಸಿ, ಅವಧಿ ಮುಗಿಯುವುದರೊಳಗೆ ಕ್ಲಿಂಗಾನ್ ಎಂಬ ಶತ್ರುಗಳನ್ನು ಹುಡುಕಿ ನಾಶಮಾಡಬೇಕು. ಆದರೆ ಆ ಶತ್ರು ಬಹಳ ಸಾಧು! ಹೊಡೆಯುತ್ತಿದ್ದನೇ ಹೊರತು ಇದ್ದ ಚೌಕದಿಂದ ಕದಲುತ್ತಿರಲಿಲ್ಲ.

ಡೇವಿಡ್ ಆಲ್ 1973ರಲ್ಲಿ ಹೊರತಂದ ‘101 ಬೇಸಿಕ್ ಕಂಪ್ಯೂಟರ್ ಗೇಮ್ಸ್’ ಎಂಬ ಪುಸ್ತಕದಲ್ಲಿ ಈ ಆಟದ ಆದೇಶಗಳೆಲ್ಲ ಸಾಲುಸಾಲಾಗಿ ಅಚ್ಚಾದವು. ಇದು ಮುಖ್ಯವಾದ ಘಟನೆ. ಆಡಬೇಕೆನ್ನುವವನು ಪುಸ್ತಕವನ್ನು ಎದುರಿಗಿಟ್ಟುಕೊಂಡು ಸಾಲುಗಳನ್ನು ತಾನೇ ಯಂತ್ರಕ್ಕೆ ಬೆರಳಚ್ಚು ಮಾಡಬೇಕಾಗಿತ್ತು. ಬರೆಯುವ ಕೈ ಸುಮ್ಮನಿರುವುದೆ? ಶತ್ರುವನ್ನು ನಡೆಸುವ ಸಾಲು ಯಾವುದೆಂದು ತಿಳಿದವನಿಗೆ ಶತ್ರುವಿನ ಜುಟ್ಟೇ ಕೈಗೆ ಸಿಕ್ಕಂತಾಯಿತು.

1974ರಲ್ಲಿ ಬಾಬ್ ಲೀಡಮ್ ಎಂಬಾತ ಈ ಆಟವನ್ನು ವಿಸ್ತಾರವಾಗಿ ತಿದ್ದಿದ. ‘ಸೂಪರ್ ಸ್ಟಾರ್ ಟ್ರೆಕ್’ ಎಂಬ ಆ ಪರಿಷ್ಕೃತ ಪಾಠ ಆಲ್ ಅವರ ಪುಸ್ತಕದ 1978ರ ಆವೃತ್ತಿಯಲ್ಲಿ ಬಂತು. ಆ ಪುಸ್ತಕದ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಇಲ್ಲಿ ಕ್ಲಿಂಗಾನರು ಚಲಿಸತೊಡಗಿದರು. ಆಟಗಾರ ತನ್ನ ನೌಕೆಯನ್ನು ಸರಿಸಿದೊಡನೆ ಅವರೂ ಬೇರೆ ಚೌಕಕ್ಕೆ ಹಾರುತ್ತಿದ್ದರು. ಲೆಕ್ಕಹಾಕಿ ಗುರಿಯಿಟ್ಟ ಟಾರ್ಪೀಡೊ ವ್ಯರ್ಥವಾಗುತ್ತಿತ್ತು. ಎಂಥ ಚತುರ ಶತ್ರು ಎನ್ನಿಸಬೇಕು.

ಆದರೆ ಆ ಸಾಲುಗಳನ್ನು ಓದಿ ನೋಡಿದರೆ ಚಾತುರ್ಯದ ಗುಟ್ಟು ಬಯಲಾಗುತ್ತದೆ. ಕ್ಲಿಂಗಾನ್ ಯಾವ ಯೋಚನೆಯನ್ನೂ ಮಾಡುವುದಿಲ್ಲ. ಖಾಲಿಯಾದ ಚೌಕವೊಂದನ್ನು ಯಂತ್ರ ಚೀಟಿ ಎತ್ತಿದಂತೆ ಆರಿಸುತ್ತದೆ, ಅಷ್ಟೆ. ಅವನ ಏಟಿನ ಬಲ ದೂರ ಹೆಚ್ಚಿದಂತೆ ಕುಗ್ಗುವುದಾದರೂ, ಹತ್ತಿರ ಬರುವುದು ಲಾಭವೆಂಬುದು ಅವನಿಗೆ ತಿಳಿಯದು. ಅವನ ಶಕ್ತಿಗೆ ಆಧಾರವಾಗಿ 200 ಎಂಬ ಒಂದು ಅಂಕಿ ಇದೆ. ಅದನ್ನು 400 ಮಾಡಿದರೆ ಬಲ ಇಮ್ಮಡಿಯಾಗುತ್ತದೆ. ಬುದ್ಧಿ ಗುಲಗಂಜಿಯಷ್ಟೂ ಹೆಚ್ಚುವುದಿಲ್ಲ. ಬಲವನ್ನು ತಿದ್ದುವುದು ಬೇರೆ, ನಡತೆಯನ್ನು ತಿದ್ದುವುದು ಬೇರೆ. ಮುಂದಿನ ಚರಿತ್ರೆಯೆಲ್ಲ ಈ ಭೇದದ ಸುತ್ತಲೇ ತಿರುಗುತ್ತದೆ.

1993ರಲ್ಲಿ ಸ್ಟೀವ್ ಬಾರ್ಸಿಯಾ ಅವರ ಸಿಮ್‌ಟೆಕ್ಸ್ ಸಂಸ್ಥೆ ರಚಿಸಿದ ‘ಮಾಸ್ಟರ್ ಆಫ್ ಓರಿಯನ್’ ಬಂತು. ಅನ್ವೇಷಣೆ, ವಿಸ್ತರಣೆ, ಸಂಪತ್ತಿನ ಬಳಕೆ, ಶತ್ರುಸಂಹಾರ ಎಂಬ ನಾಲ್ಕು ಅಂಗಗಳುಳ್ಳ ಈ ಬಗೆಯ ಆಟಕ್ಕೆ ‘4ಎಕ್ಸ್’ ಎಂಬ ಹೆಸರನ್ನು ಇದನ್ನು ಕುರಿತು ಬರೆಯುವಾಗಲೇ ಅಲನ್ ಎಮ್ರಿಕ್ ಕೊಟ್ಟರು. ಎದುರಾಳಿಗಳಿಗೆ ಇಲ್ಲಿ ಸ್ವಭಾವ ಬಂದಿದೆ: ಒಬ್ಬ ಕ್ರೂರಿ, ಒಬ್ಬ ಶಾಂತಿಪ್ರಿಯ, ಇನ್ನೊಬ್ಬ ಚಂಚಲ. ಆದರೆ ಪುಸ್ತಕದಲ್ಲಿ ಅಚ್ಚಾಗುವ ಕಾಲ ಮುಗಿದಿತ್ತು. ಆದೇಶಗಳು ಯಂತ್ರಭಾಷೆಯಲ್ಲಿ ಹುದುಗಿದವು. ಆಡುವವನಿಗೆ ಶತ್ರುವಿನ ಮನಸ್ಸು ಮುಚ್ಚಿದ ಪೆಟ್ಟಿಗೆಯಾಯಿತು. ಆಟವನ್ನು ಕಠಿಣಗೊಳಿಸಿದರೆ ಎದುರಾಳಿಯ ಬೊಕ್ಕಸ ತುಂಬುತ್ತಿತ್ತೇ ಹೊರತು ವಿವೇಕ ಬೆಳೆಯುತ್ತಿರಲಿಲ್ಲ.

2016ರಲ್ಲಿ ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆಯ ‘ಸ್ಟೆಲಾರಿಸ್’ ಆ ಪೆಟ್ಟಿಗೆಯನ್ನು ಅರ್ಧ ತೆರೆಯಿತು. ಎದುರಾಳಿಯ ಮೂಲ ಯಂತ್ರ ಬೀಗದೊಳಗೇ ಇದೆ. ಅವನ ರುಚಿ ಅರುಚಿಗಳು ಮಾತ್ರ ಯಾರಾದರೂ ಓದಬಹುದಾದ, ತಿದ್ದಬಹುದಾದ ಕಡತಗಳಲ್ಲಿವೆ. ಯಾವ ವಿದ್ಯೆಯನ್ನು ಮೊದಲು ಸಾಧಿಸಬೇಕೆಂಬುದಕ್ಕೆ ಒಂದೊಂದು ತೂಕ. ಯಾವ ಸಂಪನ್ಮೂಲ ಎಷ್ಟು ಬೇಕೆಂಬುದಕ್ಕೆ ಯೋಜನೆ. ತೂಕವನ್ನು ಬದಲಿಸಿದರೆ ಶತ್ರುವಿನ ದಾರಿ ಬದಲಾಗುತ್ತದೆ.

ಇಲ್ಲಿಯೇ ಒಂದು ವಿಚಿತ್ರವಿದೆ. ಆಟಕ್ಕೆ ಹೊಸ ವಿದ್ಯೆಗಳನ್ನೂ ಆಯುಧಗಳನ್ನೂ ಸೇರಿಸುವ ಮಾಡ್‌ಗಳು ಅನೇಕ. ಸೇರಿಸಿದವನು ಅವಕ್ಕೆ ತೂಕ ಕೊಡಲು ಮರೆತರೆ, ಅಥವಾ ಅಳತೆಗೆಟ್ಟ ತೂಕ ಕೊಟ್ಟರೆ, ಮನುಷ್ಯ ಹೊಸ ಆಯುಧವನ್ನು ಕೂಡಲೇ ಹಿಡಿಯುತ್ತಾನೆ. ಯಂತ್ರ ಅದರತ್ತ ಕಣ್ಣೆತ್ತಿಯೂ ನೋಡದಿರಬಹುದು. ಆಟ ಶ್ರೀಮಂತವಾಯಿತು, ಎದುರಾಳಿ ದಡ್ಡನಾದ! ಅವನು ಕೆಟ್ಟದ್ದು ತನ್ನ ದೋಷದಿಂದಲ್ಲ. ಲೋಕ ಬೆಳೆದದ್ದನ್ನು ಅವನಿಗೆ ಯಾರೂ ಹೇಳಲಿಲ್ಲ.

ಇದಕ್ಕೆ ವಿರುದ್ಧವಾಗಿ ಎದುರಾಳಿಯನ್ನೇ ತಿದ್ದುವ ಮಾಡ್‌ಗಳೂ ಇವೆ. ‘ಸ್ಟಾರ್‌ನೆಟ್’ ಎಂಬುದು ಪ್ರಸಿದ್ಧವಾದುದು. ಅದನ್ನು ಹೂಡಿದರೆ ನೆರೆಯ ಸಾಮ್ರಾಜ್ಯಗಳು ಸೇನೆ ಕಟ್ಟುತ್ತವೆ, ದುರ್ಬಲರ ಮೇಲೆ ಏರಿಹೋಗುತ್ತವೆ. ಆಟ ನಿಜವಾಗಿಯೂ ಕಠಿಣವಾಗುತ್ತದೆ. ಆದರೆ ಸ್ಟೆಲಾರಿಸ್‌ನ ಎದುರಾಳಿಗಳಿಗೂ ಸ್ವಭಾವಗಳುಂಟು: ಒಕ್ಕೂಟ ಕಟ್ಟುವವರು, ಮಾನಕ್ಕೆ ಕಟ್ಟುಬಿದ್ದ ಯೋಧರು, ಹೀಗೆ. ಎಲ್ಲರಿಗೂ ಗೆಲುವೊಂದೇ ಗುರಿಯಾದಾಗ ಆ ಭೇದಗಳು ಮಸುಕಾಗುತ್ತವೆ. ಶತ್ರುಗಳು ಬುದ್ಧಿವಂತರಾದರು, ಒಬ್ಬರಂತೆ ಇನ್ನೊಬ್ಬರಾದರು.

ಹಾಗಾದರೆ ನಮಗೆ ಬೇಕಾದ ಎದುರಾಳಿ ಎಂಥವನು? ನಮ್ಮನ್ನು ಸೋಲಿಸಬಲ್ಲವನೇ, ನೆನಪಿನಲ್ಲಿ ಉಳಿಯುವವನೇ? ನಮ್ಮ ಕಾವ್ಯಮೀಮಾಂಸಕರು ಪ್ರತಿನಾಯಕನ ಉತ್ಕರ್ಷದಿಂದಲೇ ನಾಯಕನ ಉತ್ಕರ್ಷವೆಂದು ಬಲ್ಲವರು. ಆ ಉತ್ಕರ್ಷ ತೋಳ್ಬಲವೊಂದರದಲ್ಲ. ಛಲ, ಮಾತು, ಒಲವು, ಹಗೆ ಎಲ್ಲವೂ ಸೇರಿದ್ದು. ಒಳ್ಳೆಯ ಮಾಡ್‌ಗೂ ಇದೇ ಒರೆಗಲ್ಲೆಂದು ನನಗೆ ತೋರುತ್ತದೆ. ಸಂಪತ್ತನ್ನು ಸೇರಿಸುವವನು ಅದನ್ನು ಬಳಸುವ ಅರಿವನ್ನು ಎದುರಾಳಿಗೂ ಕೊಡಬೇಕು. ಅರಿವನ್ನು ಕೊಡುವವನು ಅವನ ಸ್ವಭಾವವನ್ನು ಕಸಿಯಬಾರದು.

ಚೀಟಿ ಎತ್ತಿ ಹಾರುತ್ತಿದ್ದ ಆ ಕುರುಡು ಕ್ಲಿಂಗಾನ್‌ನಿಗೆ ಆಡಿದವರು ಕೌಶಲವನ್ನು ಆರೋಪಿಸಿದರೆ ಆಶ್ಚರ್ಯವಿಲ್ಲ. ಎದುರಿಗಿರುವವನಲ್ಲಿ ಒಂದು ಮನಸ್ಸನ್ನು ಕಾಣಬೇಕೆಂಬ ಹಂಬಲ ಮನುಷ್ಯನದು. ಐವತ್ತು ವರ್ಷಗಳಿಂದ ಆಟಗಾರರು ಸಾಲುಗಳನ್ನು ತಿದ್ದುತ್ತ ಬಂದಿರುವುದು ಹೆಚ್ಚಾಗಿ ಆ ಹಂಬಲಕ್ಕಾಗಿಯೇ.